ಉಸಿರು ಬಿಡಿ, ಆಮೇಲೆ ಅಳತೆ

ನಮ್ಮ ಬೀದಿಯ ದರ್ಜಿ ಮಾಸ್ತರು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳುವವರಲ್ಲ ಎಂದು ನಾವೆಲ್ಲ ನಾಲ್ಕು ವರ್ಷ ಬೈದುಕೊಂಡು ಓಡಾಡಿದೆವು. ಮಾತು ಅವರ ಕಿವಿಯವರೆಗೆ ಮುಟ್ಟುತ್ತಲೇ ಇರಲಿಲ್ಲ ಎಂದು ಗೊತ್ತಾಗಿದ್ದು ಅಂಚೆಯಣ್ಣನ ಪ್ಯಾಂಟಿನಿಂದ.

ನಾನು ಪಕ್ಕದ ಇಸ್ತ್ರಿ ಅಂಗಡಿಯವಳು. ಅವರ ಅಂಗಡಿಗೂ ನನ್ನದಕ್ಕೂ ನಡುವೆ ಇರುವುದು ಒಂದು ಹಲಗೆ ಗೋಡೆ. ಅವರು ಹೊಲಿದ ಬಟ್ಟೆಗೆಲ್ಲ ಕೊನೆಯ ಇಸ್ತ್ರಿ ನನ್ನದೇ. ಅದಕ್ಕೇ ಅಲ್ಲಿ ನಡೆಯುವುದೆಲ್ಲ ನನಗೆ ಗೊತ್ತು. ಗೊತ್ತಿಲ್ಲದ್ದನ್ನು ಹಲಗೆಯ ಸಂದಿಗೆ ಕಿವಿ ಕೊಟ್ಟು ಗೊತ್ತುಮಾಡಿಕೊಳ್ಳುತ್ತೇನೆ. ಇದರಲ್ಲಿ ನನಗೇನೂ ನಾಚಿಕೆಯಿಲ್ಲ.

ಅವರ ಅಂಗಡಿಯ ಪದ್ಧತಿ ಹೀಗಿದೆ. ಮಾಸ್ತರ ಹೆಂಡತಿ ಟೇಪು ಹಿಡಿದು ಗಿರಾಕಿಯ ಸುತ್ತ ಓಡಾಡಿ ಅಳತೆ ಹೇಳುತ್ತಾರೆ. ಮಾಸ್ತರು ಬಟ್ಟೆ ಕತ್ತರಿಸುವ ಮೇಜಿನ ಹಿಂದೆ ಕೂತು, ತಲೆ ತಗ್ಗಿಸಿ, ಅಳತೆ ಪುಸ್ತಕದಲ್ಲಿ ಬರೆದುಕೊಳ್ಳುತ್ತಾರೆ. ಇದು ಮಾಸ್ತರ ಅಪ್ಪನ ಕಾಲದಿಂದ ನಡೆದುಬಂದ ಕ್ರಮ. ಬರೆಯುವವನು ತಲೆ ಎತ್ತಿದರೆ ಗತ್ತು ಕಡಿಮೆಯಾಗುತ್ತದಂತೆ. ಆ ಮಹಾತಾಯಿ ನಲವತ್ತು ವರ್ಷ ಟೇಪು ಹಿಡಿದೂ ಹಿಡಿದೂ ಬೀದಿಗೆಲ್ಲ ಟೇಪಮ್ಮ ಆಗಿಬಿಟ್ಟಿದ್ದಾರೆ. ಹೊಲಿಗೆ ಯಂತ್ರದ ಮುಂದೆ ಕೂರುವುದು ಅವರ ಮಗಳು.

ಅಂಚೆಯಣ್ಣ ಒಣಕಡ್ಡಿಯಂಥ ಮನುಷ್ಯ. ಸೊಂಟ ಮೂವತ್ತೆರಡು ಇಂಚು. ಟೇಪಮ್ಮ ಮೂವತ್ತೆರಡು ಎಂದೇ ಹೇಳಿದರು, ಹಲಗೆಯ ಈಚೆಯಿಂದ ನಾನೇ ಕೇಳಿದ್ದೇನೆ. ಆದರೆ ಮಾಸ್ತರಿಗೆ ಮಾತಿನ ತಲೆ ಕೇಳಿಸಲಿಲ್ಲ, ಬಾಲ ಮಾತ್ರ ಕೇಳಿಸಿತು. “...ವತ್ತೆರಡು.” ಈಗ ನೀವೇ ಬಾಯಿಬಿಟ್ಟು ಹೇಳಿ ನೋಡಿ. ಮೂವತ್ತೆರಡಕ್ಕೂ ಅದೇ ಬಾಲ, ನಲವತ್ತೆರಡಕ್ಕೂ ಅದೇ ಬಾಲ, ಐವತ್ತೆರಡಕ್ಕೂ ಅದೇ ಬಾಲ. ಮಾಸ್ತರು ತಮಗೆ ತೋಚಿದ ತಲೆ ಅಂಟಿಸಿ ಐವತ್ತೆರಡು ಎಂದು ಬರೆದುಕೊಂಡರು.

ಎರಡು ದಿನ ಬಿಟ್ಟು ಅಂಚೆಯಣ್ಣ ಹೊಸ ಪ್ಯಾಂಟು ಹಾಕಿಕೊಂಡು ಬಂದ. ಎರಡು ಕೈಯಲ್ಲೂ ಸೊಂಟ ಹಿಡಿದುಕೊಂಡಿದ್ದ. ಕಾಗದಗಳ ಚೀಲ ಕುತ್ತಿಗೆಗೆ ನೇತಾಡುತ್ತಿತ್ತು.

“ಮಾಸ್ತರೇ, ಇದರೊಳಗೆ ನನ್ನ ಜೊತೆ ಇನ್ನೊಬ್ಬ ಪೋಸ್ಟ್‌ಮ್ಯಾನ್ ಆರಾಮಾಗಿ ಇರಬಹುದು. ಬಾಗಿಲು ತಟ್ಟೋಕೆ ಕೈ ಬಿಟ್ರೆ ಮಾನ ಹೋಗುತ್ತೆ. ಇವತ್ತು ಎಲ್ಲಾ ಬಾಗಿಲನ್ನೂ ಹಣೆಯಿಂದ ತಟ್ಟಿದೀನಿ!”

ಅವನ ಹಿಂದೆಯೇ ಬೇಕರಿ ಯಜಮಾನರು ಬಂದರು. ಅವರದು ನಲವತ್ತೆರಡರ ಸೊಂಟ. ಪುಸ್ತಕದಲ್ಲಿ ಮೂವತ್ತೆರಡಾಗಿತ್ತು. ಅವರ ಪ್ಯಾಂಟು ಮೊಣಕಾಲಿಗೆ ಬಂದು, ಇನ್ನು ಮೇಲೆ ಹತ್ತಲಾರೆ ಎಂದು ಅಲ್ಲೇ ನಿಂತಿತ್ತಂತೆ.

ಮಾಸ್ತರಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. “ನನ್ನದೇನೂ ತಪ್ಪಿಲ್ಲ. ಇವಳು ಇತ್ತೀಚೆಗೆ ಬಾಯೊಳಗೇ ಗೊಣಗ್ತಾಳೆ. ಇವಳೇ ಏನು, ಊರೇ ಗೊಣಗ್ತಾ ಇದೆ. ಈ ಕಾಲದ ಜನಕ್ಕೆ ಬಾಯಿ ಬಿಟ್ಟು ಮಾತಾಡೋಕೆ ಏನು ರೋಗ ಅಂತೀನಿ!”

ಮಗಳು ಯಂತ್ರ ನಿಲ್ಲಿಸಿ ಎದ್ದು ಬಂದಳು. ವಿಷಯ ಏನೆಂದರೆ, ಅಂಚೆಯಣ್ಣನ ಪ್ಯಾಂಟು ಬರೀ ಮಾದರಿಗೆ ಹೊಲಿದದ್ದು. ಅದು ಸರಿಯಾದರೆ ಅಂಚೆ ಕಚೇರಿಯ ಹನ್ನೆರಡು ಜನರ ಸಮವಸ್ತ್ರ ಈ ಅಂಗಡಿಗೇ ಬರುವುದಿತ್ತು. ಅಂಚೆಯಣ್ಣ ಒಳ್ಳೆಯವನು. ಮುಂದಿನ ತಿಂಗಳವರೆಗೆ ತಡೆಯುತ್ತೇವೆ, ಇನ್ನೊಂದು ಅವಕಾಶ ಕೊಡುತ್ತೇವೆ ಎಂದು ಹೇಳಿ, ಪ್ಯಾಂಟು ಹಿಡಿದುಕೊಂಡೇ ಮೆಟ್ಟಿಲಿಳಿದ.

“ಅಪ್ಪಾ,” ಎಂದಳು ಮಗಳು, ಅವರ ಮುಖದ ಹತ್ತಿರಕ್ಕೇ ಬಗ್ಗಿ, “ಆ ಹನ್ನೆರಡರಲ್ಲಿ ಒಂದು ತಪ್ಪಿದ್ರೂ ಕತ್ತರಿ ನನಗೆ ಕೊಟ್ಟು ನೀವು ಮನೇಲಿ ಕೂರ್ಬೇಕು. ಹೇಳ್ಬಿಟ್ಟಿದೀನಿ.”

ಇದು ಮಾತ್ರ ಮಾಸ್ತರಿಗೆ ಚೆನ್ನಾಗಿ ಕೇಳಿಸಿತು. ಅವರು ಆ ಕತ್ತರಿ ಹಿಡಿದದ್ದು ಹದಿನಾರನೇ ವಯಸ್ಸಿಗೆ. ಹಿಡಿಯ ಮೇಲೆ ಅವರ ಹೆಬ್ಬೆರಳಿನ ಗುಳಿ ಬಿದ್ದಿದೆ. ಆ ಮಧ್ಯಾಹ್ನ ಅವರು ಅದನ್ನು ಕೆಳಗಿಡದೆ ಸುಮ್ಮನೆ ಹಿಡಿದುಕೊಂಡು ಕೂತಿದ್ದರು. ನನಗೆ ಪಾಪ ಎನ್ನಿಸಿತು, ಸುಳ್ಳು ಯಾಕೆ ಹೇಳಲಿ.

ಮರುವಾರ ಆರೋಗ್ಯ ಕೇಂದ್ರದ ಸಿಸ್ಟರ್ ಬಂದರು. ಬಗಲಲ್ಲಿ ಪ್ರಶ್ನೆಗಳ ಕಟ್ಟು. ವಯಸ್ಸಾದವರಿಗೆ ನೋಡಲು, ಕೇಳಲು, ನಡೆಯಲು ಎಷ್ಟು ಕಷ್ಟವಿದೆ ಎಂದು ಮನೆ ಮನೆ ಕೇಳುತ್ತಿದ್ದರು. ಹೋದ ಸಲವೂ ಕೇಳಿದ್ದರು. ಆಗ ನಮ್ಮ ಬೀದಿಯ ಮುದುಕರು, ಮುದುಕಿಯರು ಒಬ್ಬರೂ ಬಿಡದೆ “ಚೆನ್ನಾಗಿದೀವಿ, ಏನೂ ಕಷ್ಟ ಇಲ್ಲ” ಎಂದು ಬರೆಸಿದ್ದರು. ಮೂರು ಹೆಜ್ಜೆಗೊಮ್ಮೆ ಗೋಡೆ ಹಿಡಿಯುವ ನಮ್ಮ ಮೂಲೆಮನೆ ಅಜ್ಜಿಯೂ ಅದನ್ನೇ ಬರೆಸಿದ್ದರು. ಕಾಗದದ ಪ್ರಕಾರ ನಮ್ಮ ಬೀದಿಯ ಹಿರಿಯರೆಲ್ಲ ಕುಸ್ತಿಗೆ ಇಳಿಯಲು ತಯಾರಿದ್ದರು. ಹಾಗಾಗಿ ಕಿವಿ ಡಾಕ್ಟರು, ಕಣ್ಣಿನ ಡಾಕ್ಟರು ಎಲ್ಲರೂ ಬೇರೆ ಬೀದಿಗಳಿಗೆ ಹೋದರು.

ಸಿಸ್ಟರ್ ಬಂದಾಗ ಅಂಗಡಿಯಲ್ಲಿ ಗಡಿಯಾರದ ತಾತ ಕೋಟಿಗೆ ಗುಂಡಿ ಹಾಕಿಸಿಕೊಳ್ಳಲು ಕೂತಿದ್ದರು. ಅವರು ಕಡಲಾಚೆಯ ದೇಶದವರು. ಮೂವತ್ತು ವರ್ಷದ ಹಿಂದೆ ಬಂದು ಎದುರುಗಡೆ ಗಡಿಯಾರ ರಿಪೇರಿ ಅಂಗಡಿ ಹಾಕಿ, ನಮ್ಮ ಮಾತು ಕಲಿತು, ಈಗ ನಮಗಿಂತ ಚೆನ್ನಾಗಿ ಬೈಯುತ್ತಾರೆ. ನಾನೂ ಒಂದು ರಾಶಿ ಅಂಗಿ ಕೊಡುವ ನೆಪದಲ್ಲಿ ಒಳಗೆ ಹೋದೆ. ಇಂಥದ್ದನ್ನು ಸಂದಿಯಲ್ಲಿ ಕೇಳಿದರೆ ಸಾಲುವುದಿಲ್ಲ.

“ಮಾಸ್ತರೇ, ಕೇಳಿಸೋದ್ರಲ್ಲಿ ಏನಾದ್ರೂ ಕಷ್ಟ ಇದೆಯಾ?” ಎಂದು ಸಿಸ್ಟರ್ ಕೇಳಿದರು.

“ಕೆಲಸದಲ್ಲಿ ಏನು ಕಷ್ಟ? ಐವತ್ತು ವರ್ಷದಿಂದ ಮಾಡ್ತಿದೀನಿ.”

“ಕೆಲಸ ಅಲ್ಲ ಮಾಸ್ತರೇ, ಕೇ-ಳಿ-ಸೋ-ದು. ಕಿವಿ! ಏನೂ ಕಷ್ಟ ಇಲ್ಲ, ಸ್ವಲ್ಪ ಕಷ್ಟ, ಬಹಳ ಕಷ್ಟ, ಕೇಳಿಸೋದೇ ಇಲ್ಲ. ನಾಲ್ಕರಲ್ಲಿ ಒಂದು ಹೇಳಿ.”

“ಓ, ಕಿವಿಯಾ? ಏನೂ ಕಷ್ಟ ಇಲ್ಲ. ಬರ್ಕೊಳ್ಳಿ.”

ಟೇಪಮ್ಮ ಬಾಯಲ್ಲಿದ್ದ ಗುಂಡುಸೂಜಿ ತೆಗೆದು ಏನೋ ಹೇಳಹೋದರು. ಮಾಸ್ತರು ಕೆಂಗಣ್ಣು ಬಿಟ್ಟರು. ಟೇಪಮ್ಮ ಸೂಜಿಯನ್ನು ಮತ್ತೆ ಬಾಯಿಗಿಟ್ಟುಕೊಂಡರು.

ಸಿಸ್ಟರ್ ತಾತನ ಕಡೆ ತಿರುಗಿದರು. ಅವರು ಕೇಳುವ ಮೊದಲೇ ತಾತ ಶುರುಮಾಡಿದರು. “ನನಗೆ ಬಹಳ ಕಷ್ಟ, ದೊಡ್ಡದಾಗಿ ಬರ್ಕೊಳಮ್ಮ. ಸಣ್ಣ ವಾಚು ಕಿವಿಗಿಟ್ರೆ ಟಿಕ್ ಟಿಕ್ ಅನ್ನೋದೇ ಗೊತ್ತಾಗಲ್ಲ. ಬಲಗಡೆ ಒಂಚೂರು ವಾಸಿ. ಮೊಣಕಾಲೂ ಹೇಳ್ಲಾ?”

ಮಾಸ್ತರು ತಲೆ ಅಲ್ಲಾಡಿಸಿ ನನ್ನ ಕಡೆ ನೋಡಿ ಪಿಸುಗುಟ್ಟಿದರು. ಅವರು ಪಿಸುಗುಟ್ಟಿದರೆ ಬೇಕರಿಗೂ ಕೇಳಿಸುತ್ತದೆ. “ಪಾಪ, ಪೂರ್ತಿ ಕಿವುಡು ಕಣಮ್ಮ. ಮರ್ಯಾದೆ ಇಲ್ದೆ ಎಲ್ಲರ ಮುಂದೆ ಹೇಳ್ಕೊಳ್ತಿದಾನೆ ನೋಡು.”

“ಇದರಲ್ಲಿ ಮರ್ಯಾದೆ ಏನು ಬಂತಯ್ಯ?” ಎಂದರು ತಾತ. “ನಮ್ಮ ದೇಶದಲ್ಲಿ ನಾಲ್ಕು ಮುದುಕರು ಸೇರಿದ್ರೆ ಮೊದಲು ಇದೇ ಮಾತು. ನಿನಗೇನು ಕೆಟ್ಟಿದೆ, ನನಗೇನು ಕೆಟ್ಟಿದೆ. ಅದು ಮುಗಿದ ಮೇಲೇ ಟೀ.”

“ನಮ್ಮಲ್ಲಿ ಹಾಗಲ್ಲ. ಯಾರು ಕೇಳಿದ್ರೂ ಚೆನ್ನಾಗಿದೀನಿ ಅನ್ಬೇಕು. ವಯಸ್ಸಾದ ಮೇಲೆ ಒಂದಿಷ್ಟು ಹೀಗೆ ಇದ್ದೇ ಇರುತ್ತೆ, ಅದನ್ನೆಲ್ಲ ಕಷ್ಟ ಅಂತಾರಾ?”

ಸಿಸ್ಟರ್ ನಕ್ಕರು. “ನೀವಿಬ್ರೂ ಜಗಳ ಆಡ್ಬೇಡಿ. ಇನ್ನು ಕೆಲವು ಪ್ರಶ್ನೆ ಇದೆ. ಇವು ನಿಮ್ಮ ವಿಷಯ ಅಲ್ಲ. ನಾನೊಬ್ಬ ಮನುಷ್ಯನ ಬಗ್ಗೆ ಹೇಳ್ತೀನಿ, ಅವನಿಗೆ ಎಷ್ಟು ಕಷ್ಟ ಅಂತ ನೀವು ಹೇಳಿ. ಒಬ್ಬರು ಇದಾರೆ ಅಂದ್ಕೊಳ್ಳಿ. ಎದುರಿಗೆ ಕೂತು ಜೋರಾಗಿ ಮಾತಾಡಿದ್ರೆ ಕೇಳಿಸುತ್ತೆ. ಹಿಂದಿನಿಂದ ಕರೆದ್ರೆ ಕೇಳಿಸಲ್ಲ. ನಾಲ್ಕು ಜನ ಒಟ್ಟಿಗೆ ಮಾತಾಡಿದ್ರೆ ಅರ್ಧಕ್ಕರ್ಧ ತಪ್ಪಿಹೋಗುತ್ತೆ. ಕೇಳಿಸ್ಕೊಂಡಿದ್ದು ಒಂದು, ಹೇಳಿದ್ದು ಇನ್ನೊಂದು ಆಗುತ್ತೆ. ಅವರಿಗೆ ಎಷ್ಟು ಕಷ್ಟ?”

ಮಾಸ್ತರ ಮುಖ ಬಾಡಿಹೋಯಿತು. “ಅಯ್ಯಯ್ಯೋ! ಬಹಳ ಕಷ್ಟ. ಯಾರಮ್ಮ ಅದು? ಈ ಬೀದಿಯವರೇನಾ?”

“ಯಾರೂ ಅಲ್ಲ ಮಾಸ್ತರೇ. ಅಂದ್ಕೊಳ್ಳಿ ಅಷ್ಟೇ.”

“ಹೆಸರು ಹೇಳೋಕೆ ಸಂಕೋಚ ಇದ್ರೆ ಬೇಡ ಬಿಡಿ. ಏನು ಕೆಲಸ ಮಾಡ್ತಾನೆ ಪಾಪ? ಹಿಂದಿನಿಂದ ಗಾಡಿ ಬಂದ್ರೆ ಗತಿ ಏನು? ಮನೇಲಿ ಹೆಂಡತಿ ಮಕ್ಕಳು ಇಲ್ವಾ? ಇದ್ದೂ ಡಾಕ್ಟರಿಗೆ ತೋರಿಸಿಲ್ಲ ಅಂದ್ರೆ ಅವರೆಂಥ ಜನ! ಒಂದು ಕೆಲಸ ಮಾಡಿ, ನಾಳೆ ಅವನನ್ನ ಇಲ್ಲಿಗೆ ಕರ್ಕೊಂಡು ಬನ್ನಿ. ನಾನೇ ಬುದ್ಧಿ ಹೇಳ್ತೀನಿ. ಒಂದು ಅಂಗೀನೂ ಹೊಲಿದುಕೊಡ್ತೀನಿ, ಪುಕ್ಕಟೆ.”

ನಾನು ಅಂಗಿಗಳ ರಾಶಿಯಲ್ಲಿ ಮುಖ ಮುಚ್ಚಿಕೊಂಡೆ. ನಗು ತಡೆಯಲಾಗಲಿಲ್ಲ. ಮಗಳು ಯಂತ್ರದ ಮೇಲೆ ತಲೆಯಿಟ್ಟು ಭುಜ ಕುಣಿಸುತ್ತಿದ್ದಳು.

ಅಷ್ಟರಲ್ಲಿ ಮಾಸ್ತರ ಬೆನ್ನ ಹಿಂದಿನ ಪರದೆಯ ಹತ್ತಿರ ನಿಂತಿದ್ದ ಟೇಪಮ್ಮ ಸೂಜಿ ತೆಗೆದಿಟ್ಟು ಹೇಳಿದರು. “ರೀ, ಆ ಮನುಷ್ಯ ನೀವೇ ಕಣ್ರೀ.”

ಮಾಸ್ತರು ಸಿಸ್ಟರ್ ಮುಖವನ್ನೇ ನೋಡುತ್ತಿದ್ದರು.

“ರೀ! ಅದು ನೀವೇ!”

ಮಾಸ್ತರು ಕನ್ನಡಕ ಒರೆಸಿಕೊಂಡರು.

“ರೀ!” ಎಂದು ಟೇಪಮ್ಮ ಮೂರನೆಯ ಸಲ ಕೂಗಿದ್ದಕ್ಕೆ ದಾರಿಯಲ್ಲಿ ಹೋಗುತ್ತಿದ್ದ ಯಾರೋ ಗಂಡಸು “ಏನೇ?” ಎಂದ. ಅಂಗಡಿಯಲ್ಲಿದ್ದವರೆಲ್ಲ ಮಾಸ್ತರನ್ನೇ ನೋಡಿದೆವು.

“ಏನು? ಎಲ್ಲಾ ಯಾಕೆ ನನ್ನನ್ನ ಹೀಗೆ ನೋಡ್ತಿದೀರಿ?” ಎಂದರು ಮಾಸ್ತರು.

ಅವರ ಬೆನ್ನ ಹಿಂದೆ ಏನು ನಡೆಯಿತೆಂದು ಮಗಳು ಎದುರಿಗೆ ಬಂದು ನಿಂತು ಹೇಳಿದಳು. ಮಾಸ್ತರು ಕೆಂಡವಾದರು. “ನನ್ನನ್ನ ಕಿವುಡ ಅಂತೀರಾ? ಹಾಗಾದ್ರೆ ಪರೀಕ್ಷೆ ಮಾಡಿ, ಈಗಲೇ ಮಾಡಿ. ಈ ತಾತನನ್ನೂ ಕೂರಿಸಿ. ಯಾರು ಕಿವುಡ ಅಂತ ಗೊತ್ತಾಗಲಿ!”

ಸಿಸ್ಟರಿಗೆ ಅದು ಗೊತ್ತಿದ್ದ ವಿದ್ಯೆಯೇ. ಒಬ್ಬೊಬ್ಬರ ಬೆನ್ನ ಹಿಂದೆ ಒಂದು ತೋಳಳತೆ ದೂರ ನಿಂತು ಪಿಸುದನಿಯಲ್ಲಿ ಸಂಖ್ಯೆ ಹೇಳುವುದು, ಅವರು ಅದನ್ನೇ ತಿರುಗಿ ಹೇಳಬೇಕು. ಮೊದಲು ತಾತ. ಮೂರರಲ್ಲಿ ಎರಡು ಸರಿ ಹೇಳಿದರು. ಆಮೇಲೆ ಮಾಸ್ತರು ಬೆನ್ನು ನೆಟ್ಟಗೆ ಮಾಡಿ ಕೂತರು. ಸಿಸ್ಟರ್ ಹೇಳಿದರು, “ಐವತ್ತಾರು.” ಕಾದರು. “ಎಪ್ಪತ್ತೊಂದು.” ಕಾದರು. “ಇಪ್ಪತ್ತಮೂರು.”

ಮಾಸ್ತರು ಒಂದು ನಿಮಿಷ ಗಂಭೀರವಾಗಿ ಕೂತಿದ್ದು ಕೇಳಿದರು, “ಯಾವಾಗ ಶುರುಮಾಡ್ತೀರಿ?”

ಈ ಸಲ ಯಾರೂ ನಗಲಿಲ್ಲ. ತಾತನೂ ನಗಲಿಲ್ಲ.

ಮೂರು ಸಂಖ್ಯೆಯೂ ಆಗಲೇ ಹೇಳಿ ಆಯಿತೆಂದು ಸಿಸ್ಟರ್ ಎದುರಿಗೆ ಬಂದು ತಿಳಿಸಿದ ಮೇಲೆ ಮಾಸ್ತರೇ ತಗ್ಗಿದ ದನಿಯಲ್ಲಿ ಕೇಳಿದರು. “ಇವನ ಕಿವಿ ನನ್ನದಕ್ಕಿಂತ ವಾಸಿ. ಆದ್ರೂ ಇವನು ಬಹಳ ಕಷ್ಟ ಅಂದ, ನಾನು ಏನೂ ಇಲ್ಲ ಅಂದೆ. ಇದು ಹೇಗಮ್ಮ? ಹಾಗಾದ್ರೆ ಸುಳ್ಳು ಹೇಳಿದ್ದು ಯಾರು?”

“ಇಬ್ರೂ ಹೇಳಿಲ್ಲ,” ಎಂದರು ಸಿಸ್ಟರ್. “ಇಂಥ ಪ್ರಶ್ನೆಗಳನ್ನ ಬೇರೆ ಬೇರೆ ದೇಶದಲ್ಲೂ ಕೇಳ್ತಾರೆ. ಒಂದು ಕಡೆಯವರು ಕಷ್ಟ ಅನ್ನೋದನ್ನ ಇನ್ನೊಂದು ಕಡೆಯವರು ವಯಸ್ಸು ಅಂತಾರೆ. ಕೆಲವರಿಗೆ ಹೇಳ್ಕೊಳ್ಳೋದು ಅವಮಾನ, ಕೆಲವರಿಗೆ ಹೇಳ್ಕೊಂಡ್ರೇ ಸಮಾಧಾನ. ಒಂದೇ ತೊಂದರೆಗೆ ನಾಲ್ಕು ದೇಶದಲ್ಲಿ ನಾಲ್ಕು ಉತ್ತರ. ಅದಕ್ಕೇ ಆ ಅಂದ್ಕೊಳ್ಳೋ ಮನುಷ್ಯನ ಕಥೆ ಇರೋದು. ಅದು... ಹೇಗೆ ಹೇಳ್ಲಿ ನಿಮಗೆ...”

ಮಾಸ್ತರು ಮೇಜಿನ ಮೇಲಿದ್ದ ಟೇಪನ್ನು ಬೆರಳಿಗೆ ಸುತ್ತುತ್ತಿದ್ದರು. ಥಟ್ಟನೆ ನಿಲ್ಲಿಸಿದರು. “ಬಟ್ಟೆ ಟೇಪು ಹಿಗ್ಗುತ್ತೆ.”

“ಏನಂದ್ರಿ?”

“ಟೇಪು, ಟೇಪು! ಎಳೆದೂ ಎಳೆದೂ ಹಿಗ್ಗುತ್ತೆ. ಒಂದೊಂದು ಅಂಗಡಿ ಟೇಪು ಒಂದೊಂದು ಥರ ಹಿಗ್ಗಿರುತ್ತೆ. ಹಿಗ್ಗಿದ ಟೇಪಲ್ಲಿ ಅಳೆದ್ರೆ ಮೂವತ್ತಾರು ಇರೋದು ಮೂವತ್ತೈದು ತೋರಿಸುತ್ತೆ. ಅಳೆಯೋನಿಗೆ ಗೊತ್ತೇ ಆಗಲ್ಲ. ಅದಕ್ಕೇ ನಾನು ತಿಂಗಳಿಗೊಮ್ಮೆ ಕಬ್ಬಿಣದ ಸ್ಕೇಲಿಗೆ ಹಿಡಿದು ನೋಡ್ತೀನಿ. ಸ್ಕೇಲು ಹಿಗ್ಗಲ್ಲ.”

ಸಿಸ್ಟರ್ ಕುಣಿದೇಬಿಟ್ಟರು. “ಅದೇ ಮಾಸ್ತರೇ! ಆ ಅಂದ್ಕೊಳ್ಳೋ ಮನುಷ್ಯನೇ ಕಬ್ಬಿಣದ ಸ್ಕೇಲು! ಅವನ ಕಷ್ಟ ನಿಮ್ಮ ಟೇಪಲ್ಲಿ ಎಷ್ಟು, ತಾತನ ಟೇಪಲ್ಲಿ ಎಷ್ಟು ಅಂತ ಗೊತ್ತಾದ್ರೆ ಯಾರ ಟೇಪು ಎಷ್ಟು ಹಿಗ್ಗಿದೆ ಅಂತ ಗೊತ್ತಾಗುತ್ತೆ. ನಾನು ಮೂರು ದಿನ ತರಬೇತಿಗೆ ಹೋಗಿದ್ದೆ. ಅಲ್ಲಿ ಯಾರೂ ಇಷ್ಟು ಸಲೀಸಾಗಿ ಹೇಳ್ಲಿಲ್ಲ.”

ಮಾಸ್ತರಿಗೆ ಒಳಗೊಳಗೇ ಹಿಗ್ಗು. ಆದರೂ ಬಿಗುಮಾನ ಬಿಡಬೇಕಲ್ಲ! “ಅದೆಲ್ಲ ಸರಿ. ಬಹಳ ಕಷ್ಟ ಅಂತ ಬರೆಸಿದ್ರೆ ನಾಳೆ ಬೀದಿಯವರು ಏನಂತಾರೆ? ಕಿವುಡ ಮಾಸ್ತರ ಹತ್ರ ಅಳತೆ ಕೊಡೋದು ಬೇಡ ಅಂತಾರೆ. ಕತ್ತರಿ ಇವಳಿಗೆ ಕೊಟ್ಟು ನಾನು ಮನೆ ಸೇರ್ಬೇಕಾಗುತ್ತೆ.”

ಆಗ ಟೇಪಮ್ಮ ಬಂದು ಗಂಡನ ಎದುರಿಗೆ ನಿಂತರು. ಅವರು ಹೀಗೆ ಗಂಡನ ಮುಖಕ್ಕೆ ಮುಖ ಕೊಟ್ಟು ನಿಂತದ್ದನ್ನು ನಾನು ನೋಡಿದ್ದು ಅದೇ ಮೊದಲು.

“ನೀವು ದಿನಾ ಗಿರಾಕಿಗಳಿಗೆ ಏನ್ರೀ ಹೇಳ್ತೀರಿ? ನಾನು ಟೇಪು ಸುತ್ತಿದ ತಕ್ಷಣ ಎಲ್ಲರೂ ಹೊಟ್ಟೆ ಒಳಗೆ ಎಳ್ಕೊಳ್ತಾರಲ್ಲ, ಆಗ ಏನ್ ಹೇಳ್ತೀರಿ?”

ಮಾಸ್ತರು ಟೇಪು ಬಿಟ್ಟು ಕತ್ತರಿ ಕೈಗೆತ್ತಿಕೊಂಡರು.

“ಹೇಳ್ರೀ.”

“ಉಸಿರು ಬಿಡಿ ಸ್ವಾಮಿ. ಹೊಟ್ಟೆ ಎಳ್ಕೊಂಡು ಅಳತೆ ಕೊಟ್ರೆ ಪ್ಯಾಂಟು ನಿಮಗೆ ಹೊಲಿದ ಹಾಗಾಗಲ್ಲ, ಇನ್ಯಾರಿಗೋ ಹೊಲಿದ ಹಾಗಾಗುತ್ತೆ ಅಂತೀನಿ.”

“ಈಗ ಹೊಟ್ಟೆ ಎಳ್ಕೊಂಡಿರೋದು ಯಾರು?” ಎಂದರು ಟೇಪಮ್ಮ. “ನಾಲ್ಕು ವರ್ಷದಿಂದ ನಾನು ನಿಮ್ಮ ಹತ್ರ ಮಾತಾಡಿಲ್ಲ ಕಣ್ರೀ. ಕೂಗಾಡಿದೀನಿ ಅಷ್ಟೇ. ಊಟಕ್ಕೆ ಬನ್ನಿ, ಬಾಗಿಲು ಹಾಕಿ, ಮೂವತ್ತೆರಡು. ಇಷ್ಟೇ ಉಳಿದಿರೋದು. ಕೂಗಿ ಹೇಳೋಕಾಗದ ಮಾತು ಎಷ್ಟು ಇರುತ್ತೆ ಗೊತ್ತಾ ನಿಮಗೆ? ಅದನ್ನೆಲ್ಲ ನಾನು ಯಾರಿಗೆ ಹೇಳ್ಲಿ?”

ಯಂತ್ರದ ಮುಂದೆ ಮಗಳು ತಲೆ ತಗ್ಗಿಸಿದಳು. ನನಗೂ ಅಲ್ಲಿರಬಾರದಿತ್ತು ಎನ್ನಿಸಿತು, ಆದರೂ ಕದಲಲಿಲ್ಲ.

“ಉಸಿರು ಬಿಡ್ರೀ,” ಎಂದರು ಟೇಪಮ್ಮ.

ಮಾಸ್ತರು ಕತ್ತರಿಯನ್ನು ಮೇಜಿನ ಮೇಲಿಟ್ಟರು. ದೊಡ್ಡದಾಗಿ ಉಸಿರು ಬಿಟ್ಟರು. ಅಂಗಿಯ ಕೊನೆಯ ಗುಂಡಿ ಬಿಗಿಯಾಯಿತು. “ಬರ್ಕೊಳಮ್ಮ ಸಿಸ್ಟರ್. ಬಹಳ ಕಷ್ಟ.”

ಆಮೇಲಿನದು ಬೇಗ ಬೇಗ ನಡೆಯಿತು. ಸಿಸ್ಟರ್ ಅಲ್ಲೇ ದೊಡ್ಡ ಆಸ್ಪತ್ರೆಗೆ ಚೀಟಿ ಬರೆದುಕೊಟ್ಟರು. ಕಿವಿಗೆ ಹಾಕುವ ಯಂತ್ರ ಬರುವವರೆಗೆ ಏನು ಮಾಡಬೇಕೆಂದೂ ಹೇಳಿಕೊಟ್ಟರು. ಹಿಂದಿನಿಂದ ಕರೆಯಬಾರದು. ಬೆಳಕಿರುವ ಕಡೆ ಮುಖ ಕಾಣುವಂತೆ ನಿಂತು, ಅರಚದೆ, ನಿಧಾನವಾಗಿ ಮಾತಾಡಬೇಕು. ಮಗಳು ತನ್ನ ಕಡೆಯಿಂದ ಒಂದು ಸೇರಿಸಿದಳು. ಮೂವತ್ತೆರಡು ಎನ್ನುವ ಬದಲು “ಮೂರು, ಎರಡು” ಎಂದು ಬಿಡಿಬಿಡಿಯಾಗಿ ಹೇಳುವುದು, ಅಪ್ಪ ಅದನ್ನು ತಿರುಗಿ ಹೇಳಿ ಆಮೇಲೆ ಬರೆಯುವುದು. ಮಾಸ್ತರ ಅಪ್ಪನ ಕಾಲದ ಕ್ರಮ ಅಲ್ಲಿಗೆ ಮುಗಿಯಿತು. ತಲೆ ಎತ್ತಿ ಬರೆದರೂ ಗತ್ತು ಎಲ್ಲಿಗೂ ಹೋಗಲಿಲ್ಲ.

ಕಾಗದದಲ್ಲಿ ಮಾಸ್ತರು ಹೀಗೆ ಬರೆಸಿದ್ದಾರಂತೆ ಎಂದು ಬೀದಿಗೆಲ್ಲ ಗೊತ್ತಾಯಿತು. ಯಾರು ಹೇಳಿದರು ಎಂದು ಕೇಳಬೇಡಿ, ಹಲಗೆ ಗೋಡೆಯ ಈಚೆ ಇರುವವಳು ನಾನೊಬ್ಬಳೇ. ಅದನ್ನು ಕೇಳಿ ಬೇಕರಿ ಯಜಮಾನರು ಕಣ್ಣಿನ ವಿಷಯ ಬಾಯಿಬಿಟ್ಟರು. ಮೂಲೆಮನೆ ಅಜ್ಜಿ ಮೊಣಕಾಲಿನ ವಿಷಯ ಬರೆಸಿದರು. ಮುಂದಿನ ತಿಂಗಳು ದೊಡ್ಡ ಆಸ್ಪತ್ರೆಯ ಕಿವಿ ಪರೀಕ್ಷೆಯವರ ಗಾಡಿ ನಮ್ಮ ಬೀದಿಗೇ ಬಂದು ನಿಂತಿತು. ಮಾಸ್ತರು, ಗಡಿಯಾರದ ತಾತ ಇಬ್ಬರೂ ಸಾಲಿನಲ್ಲಿ ಜಗಳವಾಡುತ್ತಲೇ ನಿಂತು, ಕಿವಿಗೆ ಯಂತ್ರ ಹಾಕಿಸಿಕೊಂಡು ಬಂದರು. ಯಾರ ಕಿವಿ ಹೆಚ್ಚು ಕೆಟ್ಟಿದೆ ಎನ್ನುವುದೇ ಈಗ ಅವರ ಜಗಳ.

ಅಂಚೆಯ ಹನ್ನೆರಡು ಜನ ಬಂದ ದಿನ ನಾನು ನನ್ನ ಇಸ್ತ್ರಿಯನ್ನು ನೆಟ್ಟಗೆ ನಿಲ್ಲಿಸಿ ಬಾಗಿಲಿಗೆ ಬಂದು ನಿಂತೆ. ಮೊದಲು ಅಂಚೆಯಣ್ಣ. ಟೇಪು ಸುತ್ತಿದೊಡನೆ ಇಲ್ಲದ ಹೊಟ್ಟೆಯನ್ನು ಒಳಗೆ ಎಳೆದುಕೊಂಡ.

“ಉಸಿರು ಬಿಡಪ್ಪಾ,” ಎಂದರು ಮಾಸ್ತರು.

ಅವನು ಬಿಟ್ಟ. ಟೇಪಮ್ಮ ಅಂಕಿ ಬಿಡಿಸದೆ, ಮೆಲ್ಲಗೆ, ನಾಲ್ಕು ವರ್ಷದ ಹಿಂದಿನ ಹಾಗೆ ಮೆಲ್ಲಗೆ ಹೇಳಿದರು, “ಮೂವತ್ತೆರಡು.”

“ಮೂವತ್ತೆರಡು,” ಎಂದು ಹೇಳಿ ಮಾಸ್ತರು ಬರೆದುಕೊಂಡರು.

ಹನ್ನೆರಡು ಪ್ಯಾಂಟೂ ಸರಿಹೋದವು. ಇಸ್ತ್ರಿ ಮಾಡಿದ್ದು ನಾನೇ, ಒಂದೊಂದನ್ನೂ ಅಳೆದು ನೋಡಿದ್ದೇನೆ. ಕತ್ತರಿ ಇನ್ನೂ ಮಾಸ್ತರ ಕೈಯಲ್ಲೇ ಇದೆ. ಅಂದು ಸಂಜೆ ಬಾಗಿಲು ಹಾಕುವಾಗ ಟೇಪಮ್ಮ ದಾರದ ಉಂಡೆಗಳನ್ನು ಎತ್ತಿಡುತ್ತ ತಮ್ಮಷ್ಟಕ್ಕೆ ಏನೋ ಗೊಣಗಿದರು. ಮಾಸ್ತರು ತಟ್ಟನೆ ತಿರುಗಿದರು.

“ಏನಂದೆ? ಮೊಂಡು ಮುದುಕ ಅಂದ್ಯಾ?”

ಟೇಪಮ್ಮನ ಕೈಯಿಂದ ಉಂಡೆ ಬಿತ್ತು. “ಕೇಳಿಸ್ತಾ?”

“ಚೆನ್ನಾಗಿ ಕೇಳಿಸ್ತು. ಎಷ್ಟು ದಿನದಿಂದ ಹೀಗೆ ಬೈತಿದೀಯ?”

“ನಾಲ್ಕು ವರ್ಷದಿಂದ,” ಎಂದು ಹೇಳಿ ಅವರು ಅಳಲು ಶುರುಮಾಡಿದರು, ನಗುತ್ತಲೂ ಇದ್ದರು.

“ಹಾಗಾದ್ರೆ ನಿಧಾನಕ್ಕೆ ಎಲ್ಲಾ ಹೇಳು. ಮೊದಲಿಂದ ಹೇಳು,” ಎಂದು ಮಾಸ್ತರು ಅವರಿಗೆ ಕುರ್ಚಿ ಎಳೆದುಕೊಟ್ಟರು. ಆಮೇಲೆ ಅವರು ಏನು ಮಾತಾಡಿಕೊಂಡರೋ ನನಗೆ ಗೊತ್ತಿಲ್ಲ. ಜೀವಮಾನದಲ್ಲಿ ಒಂದೇ ಒಂದು ಸಲ ನಾನು ಸಂದಿಯ ಹತ್ತಿರದಿಂದ ಎದ್ದುಹೋದೆ.

ಇದನ್ನು ಊರ ಸಂಘದ ಸಭೆಯಲ್ಲಿ ಓದಲು ಬರೆದುಕೊಡಿ ಅಕ್ಕ ಎಂದು ಕೇಳಿದವರು ಸಿಸ್ಟರ್. ಈಗ ಓದುತ್ತಿರುವ, ಕೇಳುತ್ತಿರುವ ನಿಮಗೆ ನಾನು ಹೇಳುವುದು ಇಷ್ಟೇ. ನಿಮ್ಮ ಬಾಗಿಲಿಗೂ ಪ್ರಶ್ನೆಗಳ ಕಟ್ಟು ಹಿಡಿದುಕೊಂಡು ಯಾರಾದರೂ ಬರುತ್ತಾರೆ. ಕಣ್ಣು ಹೇಗಿದೆ, ಕಿವಿ ಹೇಗಿದೆ, ಮೆಟ್ಟಿಲು ಹತ್ತುತ್ತೀರಾ ಎಂದು ಕೇಳುತ್ತಾರೆ. “ಚೆನ್ನಾಗಿದೀನಿ” ಎನ್ನುವ ಮಾತು ನಾಲಿಗೆಯ ತುದಿಗೆ ಬರುತ್ತದೆ. ನುಂಗಿಕೊಳ್ಳಿ. ಅದೇ ತೊಂದರೆ ಪಕ್ಕದ ಮನೆಯವರಿಗೆ ಇದ್ದಿದ್ದರೆ ಅಯ್ಯೋ ಪಾಪ ಎನ್ನುತ್ತಿದ್ದಿರಾ ಎಂದು ಒಮ್ಮೆ ಕೇಳಿಕೊಳ್ಳಿ. ಹೌದಾದರೆ ನಿಮ್ಮ ಹೆಸರಿನ ಮುಂದೆಯೂ ಅದನ್ನೇ ಬರೆಸಿ. ನೀವು ಕಷ್ಟ ಇಲ್ಲ ಎಂದು ಬರೆಸಿದರೆ ಡಾಕ್ಟರ ಗಾಡಿ ನಿಮ್ಮ ಬೀದಿಯನ್ನು ದಾಟಿ ಹೋಗುತ್ತದೆ. ಮನೆಯಲ್ಲಿ ಹಿರಿಯರಿರುವ ಮಕ್ಕಳೇ, ಸೊಸೆಯರೇ, ಅಳಿಯಂದಿರೇ, ಅವರ ಎದುರಿಗೆ ಹೋಗಿ ನಿಂತು ಮಾತಾಡಿಸಿ ನೋಡಿ.

ಹೊಟ್ಟೆ ಎಳೆದುಕೊಂಡು ಅಳತೆ ಕೊಡಬೇಡಿ. ಮೊದಲು ಉಸಿರು ಬಿಡಿ. ಆಮೇಲೆ ಇದ್ದದ್ದನ್ನು ಇದ್ದ ಹಾಗೆ ಹೇಳಿ.